ಮೈದುಂಬುವುದಕ್ಕೆ ಆಸ್ಪತ್ರೆಯ ಚೀಟಿಯಲ್ಲಿ ಏನೆಂದು ಬರೆಯಬೇಕಿತ್ತು?

ಹೇಮಾವತಿ ದಂಡೆ (ಚರ್ಚೆ ಆರಂಭಿಸಿದವರು)

ಹೋದ ತಿಂಗಳು ಅವ್ವನನ್ನು ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಹಳೆಯ ಕಾಯಿಲೆಗಳ ಪಟ್ಟಿ ತುಂಬಿಸುತ್ತಿದ್ದ ಯುವ ವೈದ್ಯರು 'ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ಫಿಟ್ಸ್ ಬರುತ್ತದೆಯೇ, ಮೈ ನಡುಗುತ್ತದೆಯೇ' ಎಂದು ಒಂದೇ ಉಸಿರಿಗೆ ಕೇಳಿದರು. ಅವ್ವ ಸುಳ್ಳು ಹೇಳುವವಳಲ್ಲ. 'ನಡುಗುತ್ತದೆ, ಹಬ್ಬದಲ್ಲಿ' ಎಂದಳು. ಚೀಟಿಯಲ್ಲಿ ಫಿಟ್ಸ್ ಎಂದು ಬಿತ್ತು. ತಲೆಯ ಸ್ಕ್ಯಾನ್, ಇನ್ನೊಬ್ಬ ತಜ್ಞರ ಭೇಟಿ, ಎರಡು ವಾರದ ಕಾಯುವಿಕೆ. ಪರೀಕ್ಷೆಗಳಿಗೆ ಅವ್ವ ಬೇಸರಿಸಲಿಲ್ಲ. ಅವಳಿಗೆ ನೋವಾದದ್ದು ಆ ಪದದಿಂದ. 'ಅದು ದೇವರು ಮೈದುಂಬುವುದು ಕಣಪ್ಪ. ಅದಕ್ಕೂ ಬೀದಿಯಲ್ಲಿ ಬಿದ್ದು ಒದ್ದಾಡುವ ಕಾಯಿಲೆಗೂ ಒಂದೇ ಹೆಸರು ಬರೆದುಬಿಟ್ಟರಲ್ಲ' ಎಂದು ಬಸ್ಸಿನಲ್ಲಿ ಊರು ಬರುವವರೆಗೂ ಹೇಳುತ್ತಲೇ ಇದ್ದಳು.

ನಾನು ಇದನ್ನು ಚಿಕ್ಕಂದಿನಿಂದ ಕಣ್ಣಾರೆ ಕಂಡಿದ್ದೇನೆ. ತಮಟೆಯ ಪೆಟ್ಟು ಬಿರುಸಾಗುವ ಹೊತ್ತಿಗೆ ಅವ್ವ ಮಾತು ನಿಲ್ಲಿಸುತ್ತಾಳೆ. ಮೊದಲು ಬಲಗಾಲಿನ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಮೀನಖಂಡ, ತೊಡೆ, ಸೊಂಟ. ನಡುಕ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ತುರುಬು ಬಿಚ್ಚಿಕೊಳ್ಳುತ್ತದೆ. ಯಾರೋ ಕೈಗೆ ಬೇವಿನ ಸೊಪ್ಪು ಕೊಡುತ್ತಾರೆ, ಇನ್ನೊಬ್ಬರು ಸೆರಗನ್ನು ಸೊಂಟಕ್ಕೆ ಬಿಗಿಯುತ್ತಾರೆ. ಊರ ಹಿರಿಯರೊಬ್ಬರು ಕೈಮುಗಿದು, ದಿನವೂ 'ಏನಮ್ಮಾ' ಎಂದು ಮಾತನಾಡಿಸುವ ಅದೇ ಅವ್ವನನ್ನು, 'ಬಂದವಳು ಯಾರು ತಾಯಿ? ಏನು ಕೊರತೆಯಾಯಿತು?' ಎಂದು ಕೇಳುತ್ತಾರೆ. ಎಲ್ಲ ಮುಗಿದ ಮೇಲೆ ಅವ್ವ ಒಂದು ಚೊಂಬು ನೀರು ಕುಡಿದು, ಕೂದಲು ಕಟ್ಟಿಕೊಂಡು, ಅಡುಗೆ ಮನೆಗೆ ನಡೆಯುತ್ತಾಳೆ.

ನನ್ನ ಪ್ರಶ್ನೆ ಪದದ ಬಗ್ಗೆ. ಮೈದುಂಬು ಎಂಬುದು ಎಷ್ಟು ಹಳೆಯದು, ಅದರ ಹುಟ್ಟು ಏನು? ನಿಮ್ಮ ಕಡೆ ಇದಕ್ಕೆ ಏನೆನ್ನುತ್ತಾರೆ? ದೇವರು ಇದೆಯೋ ಇಲ್ಲವೋ ಎಂಬ ವಾದ ಇಲ್ಲಿ ಬೇಡ ಎಂದು ಕೇಳಿಕೊಳ್ಳುತ್ತೇನೆ.

ಕೆಂಪುನೆಲ

ಕೋಲಾರದ ಕಡೆ ನಾವು 'ಮೈಮೇಲೆ ಬರುವುದು' ಎನ್ನುತ್ತೇವೆ. ಮನೆಯಲ್ಲಿ ತೆಲುಗು ಮಾತನಾಡುವವರು 'ಪೂನಕ' ಎನ್ನುತ್ತಾರೆ. ಅಜ್ಜಿ ಎರಡನ್ನೂ ಬಳಸುತ್ತಿದ್ದಳು. ಕನ್ನಡದವರೊಡನೆ ಒಂದು, ತೆಲುಗಿನವರೊಡನೆ ಇನ್ನೊಂದು. 'ಬರುವುದು' ಎಂಬ ಮಾತೇ ನನಗೆ ವಿಶೇಷವಾಗಿ ಕಾಣುತ್ತದೆ. ಜ್ವರ ಬರುತ್ತದೆ, ನಿದ್ದೆ ಬರುತ್ತದೆ, ಅಳು ಬರುತ್ತದೆ, ನೆಂಟರು ಬರುತ್ತಾರೆ, ದೇವರೂ ಬರುತ್ತದೆ. ನಾವು ಮಾಡುವುದಲ್ಲ, ತಾನಾಗಿ ಬರುವುದು.

ಹಳೆಯ ಮೇಷ್ಟ್ರು

ಬಹಳ ದಿನಗಳ ಮೇಲೆ ಮನಸ್ಸಿಟ್ಟು ಉತ್ತರಿಸಬೇಕಾದ ಪ್ರಶ್ನೆ ಬಂದಿದೆ. ತಾಯಿಯವರ ಪದದಿಂದಲೇ ಹೊರಡುತ್ತೇನೆ.

ಮೈದುಂಬು ಎಂದರೆ ಮೈ ಮತ್ತು ತುಂಬು ಕೂಡಿದ್ದು. ತಕಾರ ದಕಾರವಾದದ್ದು ಆದೇಶ ಸಂಧಿ. ಶಾಲೆಯಲ್ಲಿ 'ಮೈದೊಳೆ' ಎಂದು ಉದಾಹರಣೆ ಕೊಡುತ್ತಿದ್ದೆವಲ್ಲ, ಅದೇ ದಾರಿ. ಈ ಪದ ದೇವರಿಗೆ ಮಾತ್ರ ಮೀಸಲಲ್ಲ. ಮುಂಗಾರಿನಲ್ಲಿ ಪತ್ರಿಕೆ ತೆರೆದು ನೋಡಿ: 'ಮೈದುಂಬಿದ ಜೋಗ', 'ಮೈದುಂಬಿ ಹರಿಯುತ್ತಿರುವ ಕಾವೇರಿ'. ಬೇಸಿಗೆಯಲ್ಲಿ ಮರಳು ಕಾಣುವ ಹೊಳೆಗೆ ಎಲ್ಲೋ ಘಟ್ಟದ ಮೇಲೆ ಬಿದ್ದ ಮಳೆ ಬಂದು ಸೇರುತ್ತದೆ. ಹೊಳೆ ಅದೇ, ನೀರು ಮಾತ್ರ ಬೇರೆ ಕಡೆಯದು. ನಿಮ್ಮ ತಾಯಿಯವರ ಮೈಯನ್ನು ಊರು ಆ ದಿನ ಹೊಳೆಯ ಪಾತ್ರದಂತೆ ಕಾಣುತ್ತದೆ. ಹುಡುಗಿ ದೊಡ್ಡವಳಾಗುವುದನ್ನು 'ಮೈನೆರೆಯುವುದು' ಎನ್ನುವುದೂ ಇದೇ ಜಾಡು. ನೆರೆ ಎಂದರೆ ತುಂಬು, ಪೂರ್ಣವಾಗು ಎಂದೇ ಅರ್ಥ.

ಪುಸ್ತಕದ ಮಾತಿನಲ್ಲಿ ಇದಕ್ಕೆ 'ಆವೇಶ' ಎನ್ನುತ್ತೇವೆ. ಸಂಸ್ಕೃತದ ವಿಶ್ ಧಾತು, ಅಂದರೆ ಒಳಹೊಗು. ಪ್ರವೇಶ, ನಿವೇಶನ, ಸಮಾವೇಶ ಎಲ್ಲವೂ ಇದರ ಮಕ್ಕಳೇ. ಬೆಂಗಳೂರಿನಲ್ಲಿ ನಿವೇಶನ ಕೊಳ್ಳುವವರಿಗೂ ಮೈದಾನದಲ್ಲಿ ಸಮಾವೇಶ ನಡೆಸುವವರಿಗೂ ಈ ನೆಂಟಸ್ತಿಕೆ ನೆನಪಿರುವುದಿಲ್ಲ. ಕಾಶ್ಮೀರದ ಶೈವರಲ್ಲಿ, ಅಭಿನವಗುಪ್ತನ ಬರಹಗಳಲ್ಲಿ, ಸಮಾವೇಶ ಎಂದರೆ ಶಿವನಲ್ಲಿ ಒಳಸೇರಿಹೋಗುವುದು. ವೈಷ್ಣವರು ಪೃಥು ಚಕ್ರವರ್ತಿಯನ್ನು ಆವೇಶಾವತಾರ ಎಂದು ಕರೆದರು. ಇಂಥ ಪದ ಇಂದು ಎಲ್ಲಿಗೆ ಬಂದಿದೆ ನೋಡಿ: 'ಸದಸ್ಯರು ಆವೇಶದಿಂದ ಮೇಜು ಕುಟ್ಟಿದರು'. ಒಳಗೆ ಬಂದವರು ಯಾರೆಂಬ ಪ್ರಶ್ನೆ ಮರೆತುಹೋಗಿ ಬರಿಯ ಸಿಟ್ಟು ಉಳಿಯಿತು. ಇಂಗ್ಲಿಷಿನ ಎಂಥೂಸಿಯಾಸಮ್ ಎಂಬ ಪದಕ್ಕೂ ಇದೇ ಗತಿ ಬಂದಿದೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಒಳಗೆ ದೇವರಿರುವುದು'. ಈಗ ಬರಿಯ ಉತ್ಸಾಹ.

ಇನ್ನೊಂದು ಕುಲ 'ಹಿಡಿ'ಯುವ ಪದಗಳದು. ಗ್ರಹ ಎಂದರೆ ಹಿಡಿಯುವಂಥದು. ಅದರ ತದ್ಭವ ಗರ. 'ಗರ ಬಡಿದವನಂತೆ ಕುಳಿತಿದ್ದಾನೆ' ಎನ್ನುವಾಗ ನಾವು ಈ ಹಳೆಯ ಹಿಡಿತವನ್ನೇ ಹೇಳುತ್ತಿದ್ದೇವೆ. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಭುಜ್ಯು ಒಂದು ಪ್ರಸಂಗ ಹೇಳುತ್ತಾನೆ. ಮದ್ರ ದೇಶದಲ್ಲಿ ಪತಂಚಲ ಕಾಪ್ಯನ ಮನೆಗೆ ಅವರು ಹೋದಾಗ ಅವನ ಮಗಳು 'ಗಂಧರ್ವಗೃಹೀತೆ'ಯಾಗಿದ್ದಳು, ಗಂಧರ್ವನು ಹಿಡಿದವಳು. ಅವರು ಮೊದಲು ಕೇಳಿದ್ದು 'ನೀನು ಯಾರು?' ಎಂದು. ಬಂದ ಉತ್ತರ, 'ಸುಧನ್ವಾ ಆಂಗಿರಸ'. ನಿಮ್ಮೂರ ಹಿರಿಯರು ಕೈಮುಗಿದು ಕೇಳುವ ಮೊದಲ ಪ್ರಶ್ನೆಯೂ ಅದೇ ಅಲ್ಲವೇ? ಇದನ್ನು ಬರೆಯುವಾಗ ನನ್ನ ಕೈಯೇ ಸ್ವಲ್ಪ ನಡುಗಿತು.

ಕೆಂಪುನೆಲ ಅವರೇ, ತೆಲುಗಿನ ಪೂನು ಎಂದರೆ ತೊಡು, ಹೊರು, ವಹಿಸಿಕೊಳ್ಳು. ಹಳಗನ್ನಡದಲ್ಲಿ ಅದೇ ಪದ 'ಪೂಣ್', ಪಣತೊಡು ಎಂಬ ಅರ್ಥದಲ್ಲಿ.

ಪಡುವಣ ಗಾಳಿ

ನಮ್ಮ ಕುಂದಾಪುರ, ಉಡುಪಿಯ ಕಡೆ ಇದಕ್ಕೆ 'ದರ್ಶನ' ಎನ್ನುತ್ತಾರೆ. ಹೊರಗಿನವರಿಗೆ ದರ್ಶನ ಎಂದರೆ ಗುಡಿಯ ಮುಂದೆ ಸಾಲು ನಿಂತು ನೋಡುವುದು. ನಮ್ಮಲ್ಲಿ 'ದರ್ಶನ ಬಂತು' ಎಂದರೆ ಪಾತ್ರಿಯ, ಅಂದರೆ ದೇವರು ಮೈಮೇಲೆ ಬರುವವನ, ಮೈ ನಡುಗಿತು ಎಂದರ್ಥ. ಚಿಕ್ಕವನಾಗಿದ್ದಾಗ ನಾನು ಇದನ್ನು ಎರಡು ಬೇರೆ ಪದಗಳು ಎಂದೇ ತಿಳಿದಿದ್ದೆ. ಆಮೇಲೆ ಹೊಳೆಯಿತು: ನಡುಗುವವನಿಗೆ ಅದು ದರ್ಶನವಲ್ಲ, ಸುತ್ತ ನಿಂತ ನಮಗೆ ದರ್ಶನ. ದೇವರನ್ನು ಮೈಯುಳ್ಳವನಾಗಿ ನಾವು ನೋಡುವ ಗಳಿಗೆ ಅದು. ಪಾತ್ರಿ ಎಂಬ ಮಾತೂ ಪಾತ್ರದಿಂದ ಬಂದದ್ದು. ಮೇಷ್ಟ್ರು ಹೊಳೆಯ ಪಾತ್ರ ಎಂದದ್ದನ್ನು ಓದಿ ನನಗೆ ರೋಮಾಂಚನವಾಯಿತು.

ನಾಗಮಂಡಲ ಎಂಬ ನಾಗಾರಾಧನೆಯಲ್ಲಿ ಒಮ್ಮೆ ತೀರ ಹತ್ತಿರ ನಿಂತು ನೋಡಿದ್ದೇನೆ. ಐದು ಬಣ್ಣದ ಮಂಡಲದ ಅಂಚಿನಲ್ಲಿ ವೈದ್ಯರು ಎಂದೇ ಕರೆಯುವ ಹಾಡುಗಾರರು (ಆಸ್ಪತ್ರೆಯ ವೈದ್ಯರಲ್ಲ) ಡಕ್ಕೆ ಎಂಬ ವಾದ್ಯ ನುಡಿಸುತ್ತ ಹಾಡುತ್ತಾರೆ. ನಾಗಪಾತ್ರಿಯ ಕೈಯಲ್ಲಿ ಹಿಂಗಾರದ, ಅಂದರೆ ಅಡಿಕೆ ಹೂವಿನ, ಗೊಂಚಲು. ಅವರು ಮುಖವನ್ನು ಪೂರ್ತಿ ಹಿಂಗಾರದೊಳಗೆ ಹುದುಗಿಸಿ ಉಸಿರೆಳೆದುಕೊಳ್ಳುತ್ತಾರೆ, ತಲೆಯೆತ್ತಿದಾಗ ಹುಬ್ಬಿನ ಮೇಲೆಲ್ಲ ಹೂವಿನ ಬಿಳಿ ಕಾಳುಗಳು ಅಂಟಿರುತ್ತವೆ. ನಡುಕ ಭುಜದಿಂದ ಬೆರಳಿಗೆ ಹರಿದು ಹಿಂಗಾರದ ಎಳೆಗಳೆಲ್ಲ ಅದುರತೊಡಗುತ್ತವೆ. ಮೈಗಿಂತ ಮೊದಲು ಹೂವು ನಡುಗಿದ ಹಾಗೆ ಕಾಣಿಸಿತು.

ತುಳುವಿನಲ್ಲಿ 'ಮಾಯ' ಮತ್ತು 'ಜೋಗ' ಎಂಬ ಎರಡು ಮಾತುಗಳಿವೆ. ದೈವ ಕಣ್ಣಿಗೆ ಕಾಣದಿರುವುದು ಮಾಯ, ಮೈಯಲ್ಲಿ ಬಂದು ನಿಲ್ಲುವುದು ಜೋಗ. ಈ ಜೋಗ ಸಂಸ್ಕೃತದ ಯೋಗವೇ. ಪಂಬದ, ಪರವ, ನಲಿಕೆ ಸಮುದಾಯದವರು ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ದೊಡ್ಡ ಪ್ರಭಾವಳಿಯಂಥ ಅಣಿ ಹೊತ್ತು, ದೈವದ ಕಥೆ ಹೇಳುವ ಪಾಡ್ದನದ ಹಾಡು ಕೇಳುತ್ತ ಆ ಗೆರೆಯನ್ನು ದಾಟುತ್ತಾರೆ. ಊರಿನ ಯಜಮಾನನೂ ಆಗ ತಲೆಬಾಗಿ ನುಡಿ ಕೇಳಬೇಕು.

ಒಂದು ನೋವನ್ನೂ ಹೇಳಬೇಕು. 'ದೈವ' ನಮ್ಮಲ್ಲಿ ಕೈಮುಗಿಯುವ ಪದ. ಅದೇ ನಂಟಿನ 'ದೆವ್ವ' ಘಟ್ಟದ ಮೇಲೆ ಹೆದರಿಸುವ ಪದ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು, ಪಾಡ್ದನಗಳನ್ನು ಬರೆದಿಟ್ಟ ದೊಡ್ಡ ಉಪಕಾರ ಅವರದು. ಆದರೆ ಬ್ರಿಟಿಷ್ ಅಧಿಕಾರಿ ಬರ್ನೆಲ್ ಬಿಟ್ಟುಹೋದ ಕಾಗದಗಳು 1894ರಿಂದ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದಾಗ ತಲೆಬರಹ 'ಡೆವಿಲ್ ವರ್ಶಿಪ್ ಆಫ್ ದ ತುಳುವಾಸ್', ತುಳುವರ ಪಿಶಾಚಿ ಪೂಜೆ, ಎಂದಾಯಿತು. ನಿಮ್ಮ ತಾಯಿಗೆ ಆಸ್ಪತ್ರೆಯ ಚೀಟಿಯಲ್ಲಿ ಆದದ್ದು ನಮಗೆ ಅಂದೇ ಆಗಿತ್ತು.

ಮುಸ್ಸಂಜೆ

ಎಲ್ಲರೂ ಹೂವಿನ ಕಡೆಯಿಂದ ಬರೆಯುತ್ತಿದ್ದೀರಿ. ನಾನು ಮುಳ್ಳಿನ ಕಡೆಯಿಂದ ಬರೆಯಬೇಕಾಗಿದೆ.

ನನ್ನ ಚಿಕ್ಕಮ್ಮನಿಗೆ ಮದುವೆಯಾದ ವರ್ಷವೇ ನಡುಕ ಶುರುವಾಯಿತು. ಆಗ ಅವರಿಗೆ ಹದಿನೇಳು. ಅದೇ ಮನೆಯಲ್ಲಿ ಅವರ ಭಾವನವರಿಗೂ ನಡುಕ ಬರುತ್ತಿತ್ತು. ಭಾವನವರಿಗೆ ಬಂದಾಗ 'ದೇವರು ಬಂತು' ಎಂದು ಮನೆಮಂದಿ ಕಾಲಿಗೆ ಬೀಳುತ್ತಿದ್ದರು. ಚಿಕ್ಕಮ್ಮನಿಗೆ ಬಂದಾಗ 'ಹಿಡಿದುಕೊಂಡಿದೆ' ಎಂದರು. ಪದ ಬದಲಾದ ಕೂಡಲೇ ಮಾಡುವ ಕೆಲಸವೂ ಬದಲಾಯಿತು. ಬಂದದ್ದನ್ನು ಪೂಜಿಸುತ್ತಾರೆ, ಹಿಡಿದದ್ದನ್ನು ಬಿಡಿಸುತ್ತಾರೆ. ಬಿಡಿಸುವುದು ಎಂದರೆ ಹುಣಸೆಯ ಬರಲು, ಮೆಣಸಿನಕಾಯಿಯ ಹೊಗೆ, ಅಂಗೈ ಮೇಲೆ ಉರಿಯುವ ಕರ್ಪೂರ. ಅವರ ಬಲ ಅಂಗೈಯಲ್ಲಿ ಆ ಗುರುತು ಈಗಲೂ ಇದೆ, ಎಂಟಾಣೆಯಷ್ಟು ಅಗಲ, ಬೆಳ್ಳಗೆ. ಚಪಾತಿ ಹಿಟ್ಟು ನಾದುವಾಗ ಎದ್ದು ಕಾಣುತ್ತದೆ.

ಗಂಡಸಿಗೆ ಬರುತ್ತದೆ, ಹೆಂಗಸಿಗೆ ಹಿಡಿಯುತ್ತದೆ. ಎಲ್ಲ ಊರುಗಳಲ್ಲೂ ಹೀಗೆಯೇ ಎಂದು ಹೇಳುವುದಿಲ್ಲ, ನಿಮ್ಮ ತಾಯಿಗೆ ಊರು ಕೈಮುಗಿಯುತ್ತದೆ ಎಂದು ಓದಿ ಸಂತೋಷವಾಯಿತು. ಆದರೆ ಪದದ ಇತಿಹಾಸ ಬರೆಯುವವರು ಈ ಭೇದವನ್ನು ಬಿಟ್ಟು ಬರೆಯಬಾರದು. ಬಸವಣ್ಣನವರ ವಚನವೊಂದರಲ್ಲಿ ಮಾರಯ್ಯ ಬೀರಯ್ಯಗಳು 'ಹಿಡಿದುಂಬ' ದೈವಗಳಾಗಿ ಬರುತ್ತಾರೆ. ಅವರು ಹಿಡಿಯುವುದು ಯಾರನ್ನು ಎಂಬ ಪಟ್ಟಿಯನ್ನು ಗಮನಿಸಿ: ಹಸುಗೂಸು, ಬಸುರಿ, ಬಾಣಂತಿ, ಕುಮಾರಿ, ಹಾಲು ಕರೆಯುವ ಎಮ್ಮೆ. ಎಂಟುನೂರು ವರ್ಷಕ್ಕೂ ಹಿಂದೆಯೇ ಹಿಡಿಸಿಕೊಳ್ಳುವವರು ಯಾರೆಂದು ತೀರ್ಮಾನವಾಗಿತ್ತು. ಶರಣರು ಅದನ್ನು ಕಂಡು ಸಿಟ್ಟಾದರು.

ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರ ಕಾಯ್ದೆ ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ಅಪರಾಧ. ಚಿಕ್ಕಮ್ಮನ ಕಾಲಕ್ಕೆ ಅದು ಇರಲಿಲ್ಲ.

ಹಳೆಯ ಮೇಷ್ಟ್ರು

ಮುಸ್ಸಂಜೆಯವರೇ, ನಾನು ವ್ಯಾಕರಣದಲ್ಲಿ ಮುಳುಗಿ ಇದನ್ನು ಕಾಣದೆ ಹೋದೆ. ಮೇಲೆ ಗಂಧರ್ವಗೃಹೀತೆ ಎಂದು ಬರೆಯುವಾಗಲೂ ಅವಳೊಬ್ಬ ಮಗಳು ಎಂಬುದು ಕಣ್ಣಿಗೆ ಬೀಳಲಿಲ್ಲ. ಅದೇ ಅಧ್ಯಾಯದಲ್ಲಿ ಮುಂದೆ ಉದ್ದಾಲಕನು ಹೇಳುವ ಪ್ರಸಂಗದಲ್ಲಿ ಗಂಧರ್ವನು ಹಿಡಿದಿರುವುದು ಅದೇ ಪತಂಚಲನ ಹೆಂಡತಿಯನ್ನು. ಇಬ್ಬರಿಗೂ ಅಲ್ಲಿ ಹೆಸರಿಲ್ಲ. ಹಿಡಿದ ಗಂಧರ್ವರಿಗೆ ಮಾತ್ರ ಹೆಸರಿದೆ.

ಬಿಲ್ಲು ಕಂಬಳಿ

ನಾವು ತುಂಗಭದ್ರೆಯ ಆಚೆ ಈಚೆಯವರು. ಇಲ್ಲಿ ಇದರ ದೊಡ್ಡ ರೂಪ ಮೈಲಾರದ 'ಕಾರಣಿಕ'. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಲಕ್ಷಾಂತರ ಜನರ ನಡುವೆ ಮೈಲಾರಲಿಂಗನ ಭಕ್ತನಾದ ಕಾರಣಿಕದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾರೆ. ಮೇಲೆ ನಿಂತು 'ಸದ್ದಲೇ' ಎಂದು ಒಂದು ಕೂಗು. ಆ ಮೈದಾನ ಮೌನವಾಗುವುದನ್ನು ಒಮ್ಮೆಯಾದರೂ ಅನುಭವಿಸಬೇಕು. ಕೂಸುಗಳ ಅಳುವೂ ನಿಂತಂತೆ ಅನಿಸುತ್ತದೆ. ಆಮೇಲೆ ಒಂದೇ ಸಾಲು ನುಡಿದು ಗೊರವಯ್ಯ ಕೈಬಿಟ್ಟು ಕೆಳಗೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ಮಳೆಯನ್ನೋ ಬೆಳೆಯನ್ನೋ ರಾಜಕೀಯವನ್ನೋ ಜನ ವರ್ಷವಿಡೀ ಓದುತ್ತಾರೆ.

ಗಮನಿಸಿ, ಇಲ್ಲಿ ಪದ ನಡುಕಕ್ಕೆ ಸಿಕ್ಕಿಲ್ಲ. ಕಾರಣಿಕ ಎಂದರೆ ನುಡಿದ ಮಾತು. ಮೈ ಅದುರುವುದಕ್ಕೆ ನಮ್ಮಲ್ಲಿ ಬೇರೆ ಹೆಸರೇ ಬೇಕೆನಿಸಿಲ್ಲ. ನಿಮ್ಮೆಲ್ಲರ ಪದಗಳಲ್ಲೂ ಇದೇ ಇದೆ ಎಂದು ಈಗ ಅನಿಸುತ್ತಿದೆ. ತುಂಬಿತು, ಬಂತು, ದರ್ಶನವಾಯಿತು. ಬಂದವರ ಬಗ್ಗೆ ಪದವಿದೆ, ಅದುರಿದ್ದರ ಬಗ್ಗೆ ಇಲ್ಲ.

ಮೊಹರಂ ವಿಚಾರ ಬಿಡಲಾಗದು. ಮುದಗಲ್ಲಿನಿಂದ ಹಿಡಿದು ನಮ್ಮ ಸಣ್ಣ ಹಳ್ಳಿಗಳವರೆಗೆ ಅಲಾಯಿ ದೇವರನ್ನು ಹೊರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಪಂಜಾ, ಅಂದರೆ ಅಂಗೈ ಆಕಾರದ ಲಾಂಛನ, ಹೊತ್ತವನ ತೋಳು ಅದುರತೊಡಗಿದರೆ ಮುಂದೆ ನಡೆಸುವುದು ಅವನಲ್ಲ, ಪಂಜಾ. ಮೆರವಣಿಗೆಗೆ 'ಸವಾರಿ' ಎನ್ನುತ್ತಾರೆ. ಉರ್ದು, ಹಿಂದೂಸ್ತಾನಿ ಮಾತಿನವರು ಮೈಮೇಲೆ ಬರುವುದಕ್ಕೂ ಸವಾರಿ ಎಂದೇ ಹೇಳುತ್ತಾರೆ, ಮೈಯೇ ಕುದುರೆಯಾದಂತೆ. ಮತ್ತೆ ದರ್ಗಾಗಳಲ್ಲಿ 'ಹಾಜರಿ' ಎಂಬ ಮಾತಿದೆ. ಶಾಲೆಯಲ್ಲಿ ಹೆಸರು ಕೂಗಿದಾಗ ಹೇಳುತ್ತಿದ್ದ ಅದೇ ಹಾಜರಿ. ಕರೆದಾಗ ಬಂದು ನಿಲ್ಲುವುದು.

ಇರುಳು ಪಾಳಿ

ನಾನು ನರರೋಗ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಶುಶ್ರೂಷಕಿ. ಆ ಯುವ ವೈದ್ಯರ ಪರವಾಗಿ ಎರಡು ಮಾತು ಹೇಳಲು ಅವಕಾಶ ಕೊಡಿ. ಅರಿವಳಿಕೆ ಕೊಡುವ ಮೊದಲು ನಡುಕದ ಸುಳಿವು ಸಿಕ್ಕರೆ ಬಿಡುವ ಹಾಗಿಲ್ಲ. ಅವರು ಪರೀಕ್ಷೆ ಮಾಡಿಸಿದ್ದು ಸರಿ. ತಪ್ಪಿದ್ದು ಇನ್ನೆರಡು ಪ್ರಶ್ನೆ ಕೇಳದೆ ಪದ ಬರೆದದ್ದು.

ನಾವು ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ನಿದ್ದೆಯಲ್ಲಿ ಬರುತ್ತದೆಯೇ? ಒಬ್ಬರೇ ಇರುವಾಗ, ಒಲೆಯ ಮುಂದೆ, ಬಾವಿಯ ಹತ್ತಿರ ಬಂದಿದೆಯೇ? ನಾಲಿಗೆ ಕಚ್ಚಿಕೊಂಡಿದ್ದಾರೆಯೇ, ಬಟ್ಟೆ ಒದ್ದೆಯಾಗಿದೆಯೇ, ಬಿದ್ದು ಪೆಟ್ಟಾಗಿದೆಯೇ? ಮೂರ್ಛೆರೋಗಕ್ಕೆ ತಮಟೆ ಬೇಕಿಲ್ಲ, ಹಬ್ಬ ಬೇಕಿಲ್ಲ. ಉತ್ತರ ಹೌದು ಎಂದಾದರೆ ದಯವಿಟ್ಟು ಬಂದು ತೋರಿಸಿ. ಗುಳಿಗೆಯಿಂದ ಹತೋಟಿಗೆ ಬರುವ ಕಾಯಿಲೆ ಅದು. 'ದೇವರು ಬರುತ್ತದೆ' ಎಂದುಕೊಂಡು ವರ್ಷಗಟ್ಟಲೆ ಮನೆಯಲ್ಲೇ ಉಳಿಸಿಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಫಿಟ್ಸ್ ಬಂದವರ ಕೈಗೆ ಬೀಗದ ಕೈ, ಕಬ್ಬಿಣ ತುರುಕಬೇಡಿ, ಬಾಯಿಗೆ ಏನನ್ನೂ ಇಡಬೇಡಿ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಪದದ ಮಾತಿಗೆ ಬಂದರೆ, ವೈದ್ಯಕೀಯವೂ ಈ ಕಥೆಯ ಹೊರಗಿಲ್ಲ. ಎಪಿಲೆಪ್ಸಿ ಎಂಬ ಗ್ರೀಕ್ ಪದದ ಅರ್ಥ ಹಿಡಿತ. ಮೇಷ್ಟ್ರು ಹೇಳಿದ ಗ್ರಹವೇ ಅದು. ಗ್ರೀಕರು ಅದನ್ನು ಪವಿತ್ರ ರೋಗ ಎನ್ನುತ್ತಿದ್ದಾಗ, ಸುಮಾರು 2400 ವರ್ಷಗಳ ಹಿಂದೆ, ಹಿಪ್ಪೊಕ್ರೇಟಿಸ್ ಪರಂಪರೆಯ ಬರಹವೊಂದು ಇದು ಬೇರೆ ರೋಗಗಳಿಗಿಂತ ಹೆಚ್ಚು ಪವಿತ್ರವೇನಲ್ಲ, ಮಿದುಳಿನಿಂದ ಬರುವಂಥದು ಎಂದು ವಾದಿಸಿತು. ನಮ್ಮವರ ಪದ ಅಪಸ್ಮಾರ, ನೆನಪು ತಪ್ಪುವುದು. ನಟರಾಜನ ಕಾಲಡಿಯ ಕುಳ್ಳನ ಹೆಸರೂ ಅದೇ. ನನಗೆ ಪ್ರಿಯವಾದ ಇನ್ನೊಂದು ಪದ ಸೋಂಕು. ಹಿಂದೆ ಅದು ಬರಿಯ ಸ್ಪರ್ಶ, ಆಮೇಲೆ 'ಗಾಳಿ ಸೋಂಕು', ಕೊರೊನಾ ಬಂದಾಗ 'ಸೋಂಕಿತರು'. ಕಾಣದ್ದು ಬಂದು ಮುಟ್ಟುವುದು ಎಂಬ ಅರ್ಥ ಮಾತ್ರ ಮೂರರಲ್ಲೂ ಉಳಿದಿದೆ.

ನಿಮ್ಮ ತಾಯಿಯವರಿಗೆ ತಿಳಿಸಿ: 2022ರಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಮೈಮೇಲೆ ಬರುವುದಕ್ಕೆ ಬೇರೆಯೇ ಹೆಸರಿದೆ. ಜನ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿ ಬರುವುದನ್ನು ರೋಗವೆಂದು ಬರೆಯಬಾರದು ಎಂದೂ ಅಲ್ಲಿ ಹೇಳಿದೆ.

ಸೇನ್ ದಡದಿಂದ

ಪ್ಯಾರಿಸಿನಲ್ಲಿ ಕೆಲಸ ಮಾಡುವ ತುಮಕೂರಿನವನು ನಾನು. ತರಕಾರಿಗೆಂದು ಹೋಗುವ ಮುಫ್‌ತಾರ್ ಬೀದಿಯ ಕೆಳತುದಿಯಲ್ಲಿ ಸೇಂಟ್ ಮೆದಾರ್ ಎಂಬ ಹಳೆಯ ಚರ್ಚ್ ಇದೆ. ಬಿಲ್ಲು ಕಂಬಳಿಯವರ ಮಾತು, ಅದುರಿದ್ದಕ್ಕೆ ನಮ್ಮಲ್ಲಿ ಪದವಿಲ್ಲ ಎಂಬುದು, ಆ ಚರ್ಚಿನ ಕಥೆಯನ್ನು ನೆನಪಿಸಿತು.

ಫ್ರಾನ್ಸ್ವಾ ದ ಪಾರಿ ಎಂಬ ಸಣ್ಣ ದರ್ಜೆಯ ಪಾದ್ರಿ ಇಲ್ಲಿದ್ದ. ಸಿರಿವಂತರ ಮನೆಯ ಮಗ, ಆಸ್ತಿಯನ್ನೆಲ್ಲ ಬಡವರಿಗೆ ಕೊಟ್ಟು ಕಾಲುಚೀಲ ನೇಯ್ದು ಬದುಕುತ್ತಿದ್ದ. 1713ರಲ್ಲಿ ಪೋಪ್ ಹೊರಡಿಸಿದ ಆಜ್ಞೆಯನ್ನು ಒಪ್ಪದ ಜಾನ್ಸೆನಿಸ್ಟ್ ಪಂಥದವನು. 1727ರ ಮೇ 1ರಂದು, ಇನ್ನೂ ಮೂವತ್ತಾರರ ವಯಸ್ಸಿನಲ್ಲಿ ತೀರಿಕೊಂಡ. ಸಮಾಧಿಯ ಬಳಿ ರೋಗಿಗಳು ಗುಣವಾದರೆಂಬ ಸುದ್ದಿ ಹಬ್ಬಿತು. 1731ರಿಂದ ಸಮಾಧಿಯ ಕಲ್ಲಿನ ಮೇಲೆ ಮಲಗಿದವರ ಮೈ ಸೆಟೆದು ನಡುಗತೊಡಗಿತು. ಗುಂಪು ಬೆಳೆಯಿತು, ಬೆಳೆದಂತೆ ಅದು ರಾಜನಿಗೂ ಚರ್ಚಿಗೂ ಎದುರಾದ ದನಿಯೂ ಆಯಿತು. 1732ರ ಜನವರಿ 29ರಂದು ರಾಜಾಜ್ಞೆಯ ಮೇರೆಗೆ ಸ್ಮಶಾನದ ಬಾಗಿಲು ಮುಚ್ಚಿಸಿದರು. 'ರಾಜನ ಅಪ್ಪಣೆ: ಈ ಜಾಗದಲ್ಲಿ ದೇವರು ಪವಾಡ ಮಾಡುವುದನ್ನು ನಿಷೇಧಿಸಲಾಗಿದೆ' ಎಂಬ ಸಾಲುಗಳು ಅಲ್ಲಿ ಕಾಣಿಸಿಕೊಂಡವು. ಜನ ಮನೆಗಳೊಳಗೆ ಗುಟ್ಟಾಗಿ ಸೇರಿದರು. ಮೋಂಜೆರೋನ್ ಎಂಬ ನ್ಯಾಯಾಧೀಶ ಈ ಪವಾಡಗಳ ಸಾಕ್ಷ್ಯಗಳನ್ನೆಲ್ಲ ಪುಸ್ತಕವಾಗಿಸಿ 1737ರಲ್ಲಿ ಹದಿನೈದನೆಯ ಲೂಯಿಗೆ ತನ್ನ ಕೈಯಾರೆ ಒಪ್ಪಿಸಿದ. ಅವನನ್ನು ಬಾಸ್ಟೀಲ್ ಸೆರೆಮನೆಗೆ ತಳ್ಳಿದರು. ಸೆರೆಯಲ್ಲೇ 1754ರಲ್ಲಿ ಸತ್ತ.

ಇವರಿಗೆ ಇತಿಹಾಸದಲ್ಲಿ ಉಳಿದ ಹೆಸರು 'ಕೊನ್ವುಲ್ಸಿಯೊನೇರ್'. ಲ್ಯಾಟಿನ್ ಮೂಲದ ಅರ್ಥ ಸೆಳೆಯುವುದು, ಕಿತ್ತೆಳೆಯುವುದು. ಕನ್ನಡದಲ್ಲಿ ಹೇಳುವುದಾದರೆ ಸೆಳೆತದವರು. ವೈದ್ಯರ ಪದ ಅದು. ಅವರು ತಮ್ಮ ತಮ್ಮೊಳಗೆ ಅಣ್ಣ, ಅಕ್ಕ ಎಂದು ಕರೆದುಕೊಳ್ಳುತ್ತಿದ್ದರು. ನಡೆಯುತ್ತಿದ್ದುದೆಲ್ಲವನ್ನೂ ಸೇರಿಸಿ 'ಲೊವ್ರ್', ಅಂದರೆ 'ಕಾರ್ಯ' ಎನ್ನುತ್ತಿದ್ದರು. ದೇವರ ಕಾರ್ಯ. ನಮ್ಮೂರಿನಲ್ಲಿ 'ದೇವರ ಕಾರ್ಯ' ಇಟ್ಟುಕೊಂಡಿದ್ದೇವೆ ಎನ್ನುವ ಹಾಗೆಯೇ ನನಗೆ ಅದು ಕೇಳಿಸುತ್ತದೆ. ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಕಥೆಯೂ ಬೇರೆಯಲ್ಲ. 1650ರಲ್ಲಿ ಡರ್ಬಿಯ ನ್ಯಾಯಾಧೀಶನೊಬ್ಬ ಆ ಪಂಥ ಕಟ್ಟಿದ ಜಾರ್ಜ್ ಫಾಕ್ಸ್‌ನನ್ನೂ ಅವನ ಜೊತೆಗಾರರನ್ನೂ ನಡುಗುವವರು ಎಂದು ಹಂಗಿಸಿ ಆ ಹೆಸರಿಟ್ಟ. ಅವರು ತಮ್ಮನ್ನು ಕರೆದುಕೊಂಡದ್ದು ಗೆಳೆಯರು ಎಂದು.

ನಡುಕ ಕಾಣುವುದು ಹೊರಗೆ ನಿಂತವನಿಗೆ. ಅವನು ಕಂಡದ್ದಕ್ಕೆ ಹೆಸರಿಡುತ್ತಾನೆ. ಒಳಗಿದ್ದವರಿಗೆ ಅದು ಬರುವಿಕೆ, ಕಾರ್ಯ, ದರ್ಶನ. ಸ್ಮಶಾನವಿದ್ದ ಜಾಗದಲ್ಲಿ ಈಗ ಉದ್ಯಾನವಿದೆ. ಮಕ್ಕಳು ಜಾರುಬಂಡೆ ಆಡುತ್ತವೆ. ನಿಮ್ಮ ತಾಯಿಯವರ ಬಗ್ಗೆ ಓದಿದ ಮೇಲೆ ಮೊನ್ನೆ ಅಲ್ಲಿಯ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ಕೆಂಪುನೆಲ

ಇದನ್ನೆಲ್ಲ ಓದಿ ನನ್ನ ಅಜ್ಜಿಯ ಮಾತು ತಿದ್ದಿಕೊಳ್ಳಬೇಕಾಯಿತು. ಅವಳು 'ಬರುವುದು' ಎಂದು ಹೇಳುತ್ತಿದ್ದದ್ದು ತನಗೆ. ಪಕ್ಕದ ಬೀದಿಯ ಸೊಸೆಗೆ ಅವಳೂ 'ಹಿಡಿದಿದೆ' ಎಂದೇ ಹೇಳುತ್ತಿದ್ದಳು. ಮುಸ್ಸಂಜೆಯವರು ಬರೆಯದಿದ್ದರೆ ಇದು ನನಗೆ ನೆನಪಾಗುತ್ತಿರಲಿಲ್ಲ.

ಹೇಮಾವತಿ ದಂಡೆ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಊಟವಾದ ಮೇಲೆ ಈ ಚರ್ಚೆಯನ್ನು ಮೊದಲಿನಿಂದ ಅವ್ವನಿಗೆ ಓದಿ ಹೇಳಿದೆ. ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿದು ಹತ್ತು ದಿನವಾಯಿತು, ಕಾಲು ಚಾಚಿಕೊಂಡು ಕೇಳಿದಳು.

ಇರುಳು ಪಾಳಿಯವರ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ನಿದ್ದೆಯಲ್ಲಿ ಇಲ್ಲ, ಒಬ್ಬಳೇ ಇದ್ದಾಗ ಇಲ್ಲ, ನಾಲಿಗೆ ಕಚ್ಚಿಕೊಂಡದ್ದಿಲ್ಲ. ಇವತ್ತು ಮರುಭೇಟಿಯಲ್ಲಿ ಅದೇ ಯುವ ವೈದ್ಯರಿಗೆ ಇದನ್ನೆಲ್ಲ ಹೇಳಿದೆ. ಅವರು ಹಳೆಯ ಸಾಲಿನ ಮೇಲೆ ಗೆರೆ ಎಳೆದು, 'ನೀವು ಏನನ್ನುತ್ತೀರೋ ಹೇಳಿ, ಅದನ್ನೇ ಬರೆಯುತ್ತೇನೆ' ಎಂದರು. ಈಗ ಆ ಚೀಟಿಯಲ್ಲಿ ಕನ್ನಡದಲ್ಲಿ 'ಹಬ್ಬದಲ್ಲಿ ದೇವರು ಮೈದುಂಬುವ ವಾಡಿಕೆ ಇದೆ, ಮೂರ್ಛೆರೋಗವಿಲ್ಲ' ಎಂದಿದೆ. ಅವ್ವ ಅದನ್ನು ಮಡಿಸಿ ಪಡಿತರ ಚೀಟಿಯ ಜೊತೆ ಇಟ್ಟುಕೊಂಡಿದ್ದಾಳೆ.

ಹೊಳೆಯ ಮಾತು ಅವಳಿಗೆ ಬಹಳ ಹಿಡಿಸಿತು, ಎರಡು ಸಲ ಓದಿಸಿದಳು. ಮುಸ್ಸಂಜೆಯವರು ಬರೆದದ್ದನ್ನು ಓದಿದಾಗ ಮಾತ್ರ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, 'ಆ ಹುಡುಗಿಯನ್ನು ಯಾರಾದರೂ ಯಾರಮ್ಮಾ ನೀನು, ಏನು ಕೊರತೆ ನಿನಗೆ ಎಂದು ಕೇಳಿದ್ದರಂತೆಯೇ?' ಎಂದಳು. ಕೇಳಿದ್ದರೇ, ಮುಸ್ಸಂಜೆಯವರೇ? ಅವಳಿಗೆ ಉತ್ತರ ಹೇಳಬೇಕಾಗಿದೆ.

ಇನ್ನೊಂದು ವಿಷಯ. ಬರುವುದಕ್ಕೆ ಇಷ್ಟೊಂದು ಪದ ಕೂಡಿಸಿದ್ದೀರಿ, ಮುಗಿಯುವುದಕ್ಕೆ ಏನೆನ್ನುತ್ತಾರೆ ಎಂದು ಕೇಳು ಎಂದಳು. ನಾನು ಇಲ್ಲಿಯವರೆಗೆ 'ಇಳಿಯಿತು' ಎನ್ನುತ್ತಿದ್ದೆ. ಜ್ವರ ಇಳಿದ ಹಾಗೆ ಹೇಳಬೇಡ ಎಂದು ತಿದ್ದಿದಳು. ನಮ್ಮ ಊರಿನ ಹಳಬರು 'ತಾಯಿ ತಣ್ಣಗಾದಳು' ಎನ್ನುತ್ತಾರಂತೆ. ನಿಮ್ಮ ಕಡೆ ಏನೆನ್ನುತ್ತಾರೆ?